ಸಕ್ಕರೆ ನೀರು ಬೇಡವೆಂದ ಇಲಿ

ಕೇಳಿದವರಿಗೆ ಸಲಹೆ ಕೊಡುವವರು ಬಹಳ ಮಂದಿ. ಕೇಳದವರನ್ನು ಹುಡುಕಿಕೊಂಡು ಹೋಗಿ ಕೊಡುವವಳು ನಾನು. ಗುಬ್ಬಿಯ ಸಾಮಿಲ್ಲುಗಳಲ್ಲಿ ಬಿದ್ದಿರುತ್ತಿದ್ದ ಮರದ ಹೊಟ್ಟನ್ನು ಚೌಕಾಶಿ ಮಾಡಿ ಕೊಂಡು, ಮೂಟೆ ಕಟ್ಟಿ ಮಾರಿಯೇ ಒಂದು ಗೂಡ್ಸ್ ಆಟೋ ಸಂಪಾದಿಸಿದವಳಿಗೆ ಅಷ್ಟೂ ಹಕ್ಕು ಬೇಡವೆ? ನಮ್ಮ ಮನೆಯವರಿಗಂತೂ ದಿನವೂ ಕೊಡುತ್ತಿದ್ದೆ. ಅವರಿಗೆ ಮೂರ್ಛೆರೋಗ. ಮಾತ್ರೆಯಿಂದ ಫಿಟ್ಸ್ ಹತೋಟಿಗೆ ಬಂದಿತ್ತು. ಆದರೆ ಮನುಷ್ಯ ಮಾತು ಬಿಟ್ಟು, ನಗು ಬಿಟ್ಟು, ಯುಗಾದಿಯ ಒಬ್ಬಟ್ಟನ್ನೂ ಮುಟ್ಟದೆ ಗೋಡೆ ನೋಡುತ್ತ ಕೂತಿರುತ್ತಿದ್ದರು. "ಎದ್ದು ನಾಲ್ಕು ಜನರ ಜೊತೆ ಬೆರೀರಿ. ಇದೆಲ್ಲ ಬರೀ ಸೋಮಾರಿತನ ಕಣ್ರೀ" ಎನ್ನುತ್ತಿದ್ದೆ.

ಕ್ಯಾತ್ಸಂದ್ರದ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಇಲಿಗಳ ಹಾಸಿಗೆಗೆ ನನ್ನದೇ ಹೊಟ್ಟು. ಮೂರ್ಛೆರೋಗವನ್ನು ಅರ್ಥ ಮಾಡಿಕೊಳ್ಳಲು ಅಲ್ಲಿ ಇಲಿಗಳಿಗೆ ಔಷಧಿ ಕೊಟ್ಟು ಫಿಟ್ಸ್ ಬರಿಸುತ್ತಾರೆ. ಮೊದಲ ಸಲ ಇದನ್ನು ಕೇಳಿದಾಗ ಅಲ್ಲಿ ಸಂಶೋಧನೆ ಮಾಡುವ ಮೇಡಂಗೂ ಸಲಹೆ ಕೊಟ್ಟೆ: "ಕೈಗೊಂದು ಬೀಗದ ಕೈ ಕೊಡಿ, ತಕ್ಷಣ ನಿಲ್ಲುತ್ತೆ."

"ಕಬ್ಬಿಣ ಹಿಡಿದ್ರೆ ಫಿಟ್ಸ್ ನಿಲ್ಲಲ್ಲಮ್ಮ. ಅಲ್ದೆ ಇಷ್ಟು ಸಣ್ಣ ಕೈಗೆ ಆಗೋ ಬೀಗದ ಕೈ ಎಲ್ಲಿಂದ ತರ್ಲಿ?"

ಒಂದು ದಿನ ಮೂಟೆ ಇಳಿಸುವಾಗ ನೋಡಿದರೆ, ಪ್ರತಿ ಗೂಡಿಗೂ ಎರಡೆರಡು ಬಾಟಲಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಉಳಿದ ಇಲಿಗಳೆಲ್ಲ ಸಕ್ಕರೆಗೆ ಮುಗಿಬಿದ್ದಿದ್ದವು. ಒಂದು ಮಾತ್ರ ಅತ್ತ ತಲೆಯನ್ನೂ ಎತ್ತಲಿಲ್ಲ. "ಇದಕ್ಕೆ ಶುಗರ್ರಾ?" ಎಂದೆ. ಮೇಡಂ ನಗಲಿಲ್ಲ. "ಇವುಗಳಲ್ಲಿ ಇದಕ್ಕೆ ಮಾತ್ರ ಫಿಟ್ಸ್ ಬಂದಿತ್ತು. ಈಗ ಸಿಹಿಯೂ ರುಚಿಸ್ತಿಲ್ಲ. ಮನುಷ್ಯರಿಗೂ ಹೀಗೇ ಮನಸ್ಸು ಕುಗ್ಗಬಹುದು. ಅದೂ ಕಾಯಿಲೆನೇ, ಅದಕ್ಕೂ ಚಿಕಿತ್ಸೆ ಇದೆ." ಆ ಇಲಿಯನ್ನು ಅಲ್ಲಿ ಯಾರೂ ಸೋಮಾರಿ ಎಂದು ಬೈದಿರಲಿಲ್ಲ. ಅವತ್ತು ರೇಟು ಮಾತಾಡುವುದನ್ನೂ ಮರೆತು ಮನೆಗೆ ಬಂದೆ.

ಮರುದಿನವೇ ಇವರನ್ನು ತುಮಕೂರಿನ ಡಾಕ್ಟರ ಬಳಿ ಕರೆದೊಯ್ದೆ. "ಹೇಗನ್ಸುತ್ತೆ ನಿಮಗೆ?" ಎಂದು ಡಾಕ್ಟರು ಇವರನ್ನು ಕೇಳಿದರು. "ಏನೂ ಬೇಡ ಅನ್ಸುತ್ತೆ ಇವ್ರಿಗೆ" ಎಂದೆ ನಾನು. "ನಿದ್ದೆ ಬರುತ್ತಾ?" "ಎಲ್ಲಿ ಬರುತ್ತೆ!" ಅದೂ ನಾನೇ.

"ತಾಯೀ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದ ಮನುಷ್ಯ ಒಳಗೆ ಅರ್ಧ ಗಂಟೆ ಮಾತಾಡಿದರು! ಡಾಕ್ಟರು ಇವರಿಗೆ ಹೊಸ ಮಾತ್ರೆ ಬರೆದು, ನನಗೊಂದು ಪಥ್ಯ ಹೇಳಿದರು: ಇವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ದಿನಕ್ಕೆ ಹತ್ತೇ ನಿಮಿಷ ಸಾಕೆಂದು ಚೌಕಾಶಿ ಮಾಡಿದೆ. ಜಗ್ಗಲಿಲ್ಲ.

ಈಗ ಇವರು ಗೆಲುವಾಗಿದ್ದಾರೆ. ಮೊನ್ನೆ ಪಕ್ಕದ ಮನೆಯವರಿಗೆ, ಕುಣಿಗಲ್ ಬಸ್ಸಿನಲ್ಲಿ ಚಪ್ಪಲಿ ಬಿಟ್ಟು ಇಳಿದ ಕಥೆಯನ್ನು ನಗುನಗುತ್ತ ಹೇಳುತ್ತಿದ್ದರು. "ಕೊತ್ತಗೆರೆ ಬಸ್ ಅದು" ಎಂದು ತಿದ್ದಿದೆ. "ಲೇ, ಪಥ್ಯ ಕಣೇ!" ಎಂದರು. ಇಷ್ಟು ತಿಂಗಳಲ್ಲಿ ಅವರು ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಿಲ್ಲ. ನನ್ನ ಪಥ್ಯವೇ ದಿನಕ್ಕೆ ನಾಲ್ಕು ಸಲ ಕೆಡುತ್ತದೆ.