ಹಳೇಬೀಡಿನ ಸೂರ್ಯ, ನಾರ್ವೆಯ ಊಟ

"ದೇಶ ಬಿಟ್ಟೇನು, ನೇಮ ಬಿಡೆನು!"

ಅರಸೀಕೆರೆ ಸ್ಟೇಷನ್ನಿನಲ್ಲಿ ಹಳೇಬೀಡಿನ ಧರಣೇಶ ಹೀಗೆ ಘೋಷಿಸಿದಾಗ, ಕಡಲೆಕಾಯಿ ಸುಲಿಯುತ್ತಾ ಕುಳಿತಿದ್ದವರೂ ತಲೆಯೆತ್ತಿ ನೋಡಿದರು. ನರ್ಸ್ ಕೆಲಸದ ಧರಣೇಶ ನಾರ್ವೆ ದೇಶದ ಉತ್ತರ ತುದಿಯ ವೃದ್ಧಾಶ್ರಮವೊಂದಕ್ಕೆ ಸೇವೆಗೆ ಹೊರಟಿದ್ದ. ಜೈನರ ಮನೆಯ ಮಗ. ಸೂರ್ಯ ಮುಳುಗಿದ ಮೇಲೆ ಒಂದು ತುತ್ತು ಮುಟ್ಟಿದವನಲ್ಲ.

"ಅಲ್ಲಿಯವರ ಜೊತೆ ಸ್ವಲ್ಪ ಹೊಂದ್ಕೊಂಡು ಹೋಗ್ರಿ," ಎಂದಳು ಹೆಂಡತಿ ಪದ್ಮಲತಾ.

"ಅವರೇ ನನಗೆ ಹೊಂದ್ಕೊಳ್ಳಲಿ ಬಿಡೇ."

ಹೋಗಿ ಇಳಿದದ್ದು ನವೆಂಬರ್ ಕೊನೆಯಲ್ಲಿ. ಮೊದಲ ಬೆಳಿಗ್ಗೆ ಸ್ನಾನ ಮುಗಿಸಿ, ಉಪ್ಪಿಟ್ಟಿನ ತಟ್ಟೆ ಹಿಡಿದು, ಸೂರ್ಯೋದಯಕ್ಕಾಗಿ ಕಿಟಕಿಯ ಬಳಿ ಕುಳಿತ. ಎಂಟಾಯಿತು, ಒಂಬತ್ತಾಯಿತು, ಹತ್ತೂ ಆಯಿತು. ಉಪ್ಪಿಟ್ಟು ಆರಿ ಕಲ್ಲಾಯಿತೇ ಹೊರತು ಸೂರ್ಯನ ಸುಳಿವಿಲ್ಲ. ಹೊಟ್ಟೆ ತಾಳ ಹಾಕತೊಡಗಿದಾಗ ಜೊತೆಯ ನರ್ಸ್ ಇಂಗ್ರಿಡ್‌ಳನ್ನು ಕೇಳಿದ.

"ಇಲ್ಲಿ ಸೂರ್ಯ ಯಾವಾಗ ಹುಟ್ಟೋದು?"

"ಜನವರಿಯಲ್ಲಿ," ಎಂದಳು ಆಕೆ.

ಕೂಡಲೇ ಹಳೇಬೀಡಿಗೆ ಫೋನ್ ಹೋಯಿತು.

"ಅಲ್ಲಿ ಇಲ್ದಿದ್ರೇನು, ಇಲ್ಲಿ ಇದಾನಲ್ರೀ," ಎಂದಳು ಪದ್ಮಲತಾ.

ಅಂದಿನಿಂದ ಹಳೇಬೀಡಿನ ಸೂರ್ಯನೇ ಪ್ರಮಾಣ! ಬಸದಿಯ ಆಚೆ ಅವನು ಇಳಿಯುತ್ತಲೇ ಪದ್ಮಲತಾ ಫೋನ್ ಮಾಡಬೇಕು. ನಾರ್ವೆಯಲ್ಲಿ ಆಗ ಮಟಮಟ ಮಧ್ಯಾಹ್ನ. ಅಲ್ಲಿಂದಾಚೆಗೆ ಧರಣೇಶನ ಬಾಯಿಗೆ ಬೀಗ. ಒಮ್ಮೆ ಅವಳು ಬೇಲೂರು ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತಲೇ "ರೀ, ಮುಳುಗಿದ" ಎಂದು ಕೂಗಿದಾಗ, ಕಂಡಕ್ಟರ್ ಗಾಬರಿಯಾಗಿ "ಯಾವ ಕೆರೇಲಮ್ಮಾ?" ಎಂದು ಸೀಟಿ ಊದಿ ಬಸ್ಸು ನಿಲ್ಲಿಸಿದ್ದೂ ಉಂಟು.

ಆಶ್ರಮದಲ್ಲಿ ದೊಡ್ಡ ಊಟ ಸಂಜೆ ಐದಕ್ಕೆ. ಧರಣೇಶ ಎಲ್ಲರಿಗೂ ಬಡಿಸಿ, ತಾನು ಕೈಕಟ್ಟಿ ನಿಲ್ಲುತ್ತಿದ್ದ. "ನಮ್ಮ ಜೊತೆ ಕೂತ್ಕೋ" ಎಂದರೆ, "ನಮ್ಮ ಸೂರ್ಯ ಮುಳುಗಿದ" ಎನ್ನುತ್ತಿದ್ದ. ಸೂರ್ಯನ ಮುಖವನ್ನೇ ಕಾಣದ ಆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಅವನ ಹೊಣೆಯಲ್ಲಿದ್ದ ಸೋಲ್ವೈಗ್ ಅಜ್ಜಿ ಊಟ ಬಿಟ್ಟುಬಿಟ್ಟಳು. ದಿನದಿಂದ ದಿನಕ್ಕೆ ಇಳಿದುಹೋದಳು. ಡಾಕ್ಟರು ಬಂದು, "ಹೀಗೇ ಆದರೆ ಜೀವಕ್ಕೆ ಅಪಾಯ" ಎಂದರು. ಧರಣೇಶನಿಗೆ ನಿಜಕ್ಕೂ ಹೆದರಿಕೆಯಾಯಿತು. ತನ್ನ ಕೈಯಲ್ಲಿ ಅಜ್ಜಿಗೆ ಏನಾದರೂ ಆಗಿಬಿಟ್ಟರೆ? ಚಮಚ ಹಿಡಿದು ಬೇಡಿದ, ಪುಸಲಾಯಿಸಿದ, ಲಾಲಿಯನ್ನೂ ಹಾಡಿದ. ಅಜ್ಜಿ ಆಲೂಗಡ್ಡೆಯ ತಟ್ಟೆಯನ್ನು ಅವನತ್ತ ತಳ್ಳಿ, ನೀನು ತಿನ್ನು ಎಂದು ಸನ್ನೆ ಮಾಡಿ, ಬಾಯಿ ಬಿಗಿದು ಕುಳಿತಳು.

ಹೊತ್ತಲ್ಲದ ಹೊತ್ತು, ಮೇಲೆ ಜೈನರು ಮುಟ್ಟದ ಗೆಡ್ಡೆ! ಧರಣೇಶ ಅಲ್ಲೇ ನಿಂತು ಹೆಂಡತಿಗೆ ವಿಡಿಯೋ ಕಾಲ್ ಮಾಡಿದ.

"ಏನ್ಮಾಡ್ಲೇ ಈಗ?"

"ಅಲ್ರೀ, ನಮ್ಮಲ್ಲೇ ಎಷ್ಟೋ ಜನ ರಾತ್ರಿ ಅನ್ನ ಬಿಟ್ಟು ಹಣ್ಣು ತಿನ್ನಲ್ವಾ? ಆಯಮ್ಮ ಉಪವಾಸ ಕೂತಿರೋವಾಗ ಇದೇನ್ರೀ ನಿಮ್ಮ ಹಟ? ತಿನ್ರಿ ಒಂದು ಹಣ್ಣ."

ಧರಣೇಶ ಬುಟ್ಟಿಯಿಂದ ಸೇಬೊಂದನ್ನು ತೆಗೆದು, ಕಣ್ಣು ಮುಚ್ಚಿ ಕಚ್ಚಿದ. ಕಣ್ಣು ಬಿಟ್ಟು ನೋಡಿದರೆ, ಅಜ್ಜಿಯ ಕೈಯಲ್ಲಿ ಚಮಚ! ಅವನು ಒಂದು ಕಚ್ಚಿದರೆ ಅವಳು ಒಂದು ತುತ್ತು. ನೋಡನೋಡುತ್ತಲೇ ತಟ್ಟೆ ಖಾಲಿ. ಧರಣೇಶನ ಕಣ್ಣಲ್ಲಿ ನೀರು ಬಂತು, ಎದೆಯೂ ಉಬ್ಬಿತು.

"ನೋಡಿದ್ಯೇನೇ? ಅಂತೂ ತಿನ್ನಿಸಿಬಿಟ್ಟೆ."

ಅಷ್ಟರಲ್ಲಿ ಅಜ್ಜಿ ಏನೋ ಹೇಳಿದಳು. ಊಟದ ಮೇಜಿನವರೆಲ್ಲ ಚಪ್ಪಾಳೆ ತಟ್ಟಿದರು.

"ಏನಂತೆ?" ಎಂದು ಧರಣೇಶ ಇಂಗ್ರಿಡ್‌ಳನ್ನು ಕೇಳಿದ.

"'ಪಾಪದ ಹುಡುಗ, ದಿನಾ ನಮಗೆ ಬಡಿಸಿ ತಾನು ಹಸಿದಿರ್ತಾನೆ. ನಾನು ಹಟ ಹಿಡಿದರೆ ತಿಂತಾನೇನೋ ಅಂತ ಊಟ ಬಿಟ್ಟೆ. ಅಂತೂ ತಿನ್ನಿಸಿಬಿಟ್ಟೆ' ಅಂತಿದಾರೆ."

ಫೋನಿನಲ್ಲಿ ಪದ್ಮಲತಾ ಬಿಡಲಿಲ್ಲ. "ಏನಂತ್ರೀ ಅವ್ರು?"

ಧರಣೇಶ ತಲೆ ತಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಹಂಗಾದ್ರೆ ಈ ತಿಂಗಳ ನಿಮ್ಮ ಸಂಬಳಾನ ಆ ಅಜ್ಜಿ ಕೈಗೇ ಕೊಟ್ಬಿಡಿ," ಎಂದಳು ಪದ್ಮಲತಾ. "ಸೇವೆ ಮಾಡ್ತಿರೋದು ಅವ್ರು ಕಣ್ರೀ."