ಮಸ್ಕತ್ತಿಗೆ ಹೋದ ನಮ್ಮ ಮನೆಯ ಚೌತಿ

ನಮ್ಮ ಕಡೆಯವರು ಒಂದು ಊರಿನಿಂದ ಹೊರಟು ಇನ್ನೊಂದು ಊರನ್ನು ತಲುಪುವುದು ಬಸ್ಸಿನಿಂದ ಇಳಿದಾಗ ಅಲ್ಲ, ಮನೆಯ ಫೋನು ಒಮ್ಮೆ ರಿಂಗಾಗಿ ಸುಮ್ಮನಾದಾಗ. ಕುಮಟೆಯಿಂದ ಹೊನ್ನಾವರಕ್ಕೆ ಹೋಗಲಿ, ಭಟ್ಕಳಕ್ಕೆ ಹೋಗಲಿ, ಇಳಿದವರು ಚಪ್ಪಲಿಯ ಧೂಳು ಕೊಡವುವ ಮೊದಲೇ ಮನೆಗೊಂದು ಮಿಸ್ಡ್ ಕಾಲ್ ಕೊಡಬೇಕು. 'ಮುಟ್ಟಿದೆ' ಎಂದು ಅದರ ಅರ್ಥ. ಎತ್ತಬಾರದು; ಎತ್ತಿದವರು ಬೈಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಈ ಕಾನೂನು ತಂದವಳು ನಾನೇ. ನನ್ನ ತಂಗಿ ಒಮ್ಮೆ ಯಾಣಕ್ಕೆ ಹೋಗಿದ್ದಳು. ಆ ಬಂಡೆಗಳ ಸಂದಿಯಲ್ಲಿ ಮೊಬೈಲಿಗೆ ಸಿಗ್ನಲ್ ಎಲ್ಲಿಂದ ಬರಬೇಕು? ನಾನು ಸಂಜೆಯೊಳಗೆ ಅವಳನ್ನು ಮನಸ್ಸಿನಲ್ಲೇ ಬಂಡೆಯಿಂದ ಬೀಳಿಸಿ, ಹುಡುಕಿಸಿ, ಅತ್ತು, ಅವಳ ಮಕ್ಕಳನ್ನು ಯಾರು ಸಾಕಬೇಕೆಂದೂ ತೀರ್ಮಾನಿಸಿಬಿಟ್ಟಿದ್ದೆ. ಅವಳು ಬಂದವಳು ತಂಬುಳಿ ಸುರಿದುಕೊಂಡು ಉಣ್ಣುತ್ತ, "ನೀ ಎಂತಕ್ಕೆ ಅಳೂದು ಅಕ್ಕಾ? ನಾ ಅಲ್ಲಿ ಚುರುಮುರಿ ತಿಂತಾ ಕೂತಿದ್ದೆ" ಎಂದಳು. ಅಂದಿನಿಂದ ಕಾನೂನು ಇನ್ನೂ ಬಿಗಿಯಾಯಿತು. ಆ ಕಾನೂನಿನಿಂದಲೇ ನಮ್ಮ ಮನೆ ಲೋಕದ ಕಣ್ಣಿಗೆ ಕಾಣದ ಹಾಗಾಯಿತೆಂದರೆ ನೀವು ನಂಬಲಿಕ್ಕಿಲ್ಲ. ಬಹಳ ದಿನ ನಾನೂ ನಂಬಿರಲಿಲ್ಲ.

ನಮ್ಮೂರಿಗೆ ಫೋನಿನ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಮ್ಮವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಬಿಚ್ಚಿದ್ದನ್ನು ಮತ್ತೆ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯದಿದ್ದರೆ ಅವರಿಗೆ ಸಮಾಧಾನವಿಲ್ಲ. ಅವರ ಅಣ್ಣ, ಎಂದರೆ ನನ್ನ ಭಾವ, ಮಸ್ಕತ್ತಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಎಲ್ಲಿದ್ದರೂ ಚೌತಿಗೆ ಮನೆಗೆ ಬರುತ್ತಿದ್ದರು. ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲಿ ಮೊಗೆಕಾಯಿ, ಎಂದರೆ ಸಾಂಬಾರಿನ ಸೌತೆ, ಎಲ್ಲಿ, ಹಾಗಲಕಾಯಿ ಎಲ್ಲಿ, ಅಡಿಕೆಗೊನೆ ಎಷ್ಟು ಇಳಿಬೀಳಬೇಕು ಎಂಬುದೆಲ್ಲ ಅವರದ್ದೇ ಕಾರುಬಾರು. ಆ ವರ್ಷ ರಜೆ ಸಿಗಲಿಲ್ಲ. ಸುದ್ದಿ ಕೇಳಿದ ಅತ್ತೆ ಅಳಲಿಲ್ಲ, ಬೈಯಲಿಲ್ಲ. ತೆಂಗಿನಕಾಯಿ ತುರಿಯುತ್ತಲೇ, "ಹಂಗಾರೆ ಈ ಸಲ ಫಲಾವಳಿ ಬೇಡ. ನೋಡುವವನೇ ಇಲ್ಲದ ಮೇಲೆ ಯಾರಿಗೆ ಕಟ್ಟೂದು?" ಎಂದರು. ಮನೆ ಹುಟ್ಟಿದಾಗಿನಿಂದ ತಪ್ಪದ ಫಲಾವಳಿ! ನಮ್ಮವರು ಕುರ್ಚಿಯಿಂದ ಎದ್ದೇಬಿಟ್ಟರು. "ಅಣ್ಣ ಅಲ್ಲಿಂದ್ಲೇ ನೋಡ್ತ, ಅಮ್ಮಾ. ನೀ ಕಟ್ಟು. ನೋಡದಿದ್ರೆ ನನ್ನ ಕೇಳು." ಅತ್ತೆ ತುರಿಯುವುದನ್ನು ನಿಲ್ಲಿಸಿ ಮಗನನ್ನು ನೋಡಿದರು. "ಕೇಳ್ತೆ, ಬಿಡೂದಿಲ್ಲ" ಎಂದರು.

ಉಪಾಯ ಇಷ್ಟೇ. ಗಣಪತಿ ಕೂರುವ ಪೀಠದ ಎದುರಿಗೆ ಒಂದು ಪುಟ್ಟ ಕ್ಯಾಮೆರಾ. ಅದು ನಿಮಿಷಕ್ಕೊಮ್ಮೆ ಫೋಟೊ ತೆಗೆದು ನಮ್ಮ ಹಳೆಯ ಕಂಪ್ಯೂಟರಿನೊಳಗೆ ಇಡುತ್ತದೆ. ಆ ಕಂಪ್ಯೂಟರನ್ನೇ ಸರ್ವರ್ ಮಾಡಿಬಿಟ್ಟರೆ, ವಿಳಾಸ ಗೊತ್ತಿದ್ದವರು ಲೋಕದ ಯಾವ ಮೂಲೆಯಿಂದಲೂ ನಮ್ಮ ಜಗಲಿಗೆ ಇಣುಕಬಹುದು. ಫೋಟೊ ತೆಗೆದು ಮೇಲ್ ಮಾಡಿದರೆ ಸಾಲದೇ ಎಂದು ನಾನು ಕೇಳಿದ್ದು ಹೌದು. "ಅದು ಸತ್ತ ಫೋಟೊ, ಇದು ಜೀವಂತ" ಎಂಬ ಉತ್ತರ ಬಂತು. ಪರೀಕ್ಷೆಗೆಂದು ಪೀಠದ ಮೇಲೆ ಗಣಪತಿಯ ಬದಲು ಒಂದು ಮೊಗೆಕಾಯಿ ಇಟ್ಟೆ. ಒಳಗಿನ ಕೋಣೆಯ ಇನ್ನೊಂದು ಕಂಪ್ಯೂಟರಿನಲ್ಲಿ ಅದು ಸ್ಪಷ್ಟವಾಗಿ, ಮೈಮೇಲಿನ ಗೆರೆಗಳ ಸಮೇತ ಮೂಡಿಬಂತು. ನಮ್ಮವರು ಅತ್ತೆಯನ್ನು ಕರೆತಂದು ತೋರಿಸಿದರು. ಅತ್ತೆ ಪರದೆಯನ್ನು ನೋಡಿದರು, ತಿರುಗಿ ಬಾಗಿಲಿನಾಚೆಯ ಮೊಗೆಕಾಯಿಯನ್ನು ನೋಡಿದರು. "ಮನೆಯೊಳಗೇ ಕಾಣೂದಾರೆ ಅದು ಇಲ್ಲೇ ಇದ್ಯಲ್ಲೋ. ಪೆಟ್ಟಿಗೆ ಎಂತಕ್ಕೆ?" ಎಂದರು. ಆಮೇಲೆ ನಾವು ಅನುಭವಿಸಿದ ಸಕಲ ತಾಪತ್ರಯವೂ ಆ ಒಂದು ಮಾತಿನಲ್ಲಿತ್ತು.

ಶುಕ್ರವಾರ ಮಸ್ಕತ್ತಿನಲ್ಲಿ ರಜೆ. ಭಾವ ಫೋನ್ ಮಾಡಿದರು. ನಮ್ಮವರು ಚುಕ್ಕೆಗಳ ನಡುವಿನ ಅಂಕಿಗಳ ವಿಳಾಸವನ್ನು ಮಗ್ಗಿಯಂತೆ ಒಪ್ಪಿಸಿದರು. ಭಾವ ಬರೆದುಕೊಂಡು ಫೋನಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. "ಎಂತದೂ ಇಲ್ವೋ. ಬರೀ ಬಿಳಿ ಹಾಳೆ." ನಮ್ಮವರು ಒಳಗೆ ಹೋಗಿ ನೋಡಿದರೆ ಮೊಗೆಕಾಯಿ ಎಂದಿನಂತೆ ವಿರಾಜಮಾನವಾಗಿತ್ತು. "ಇಲ್ಲಿ ಕಾಣ್ತದಲ್ಲ ಅಣ್ಣಾ!" "ಇಲ್ಲಿ ಕಾಣೂದಿಲ್ವಲ್ಲ ಮಾರಾಯಾ!" ಅಣ್ಣತಮ್ಮಂದಿರ ನಡುವೆ ಆಸ್ತಿಯ ವಿಷಯದಲ್ಲೂ ಹುಟ್ಟದ ಜಗಳವೊಂದು ಮೊಗೆಕಾಯಿಯ ದೆಸೆಯಿಂದ ಹುಟ್ಟುವುದರಲ್ಲಿತ್ತು.

ಮೊದಲ ತಪ್ಪು ಬೇಗ ಸಿಕ್ಕಿತು. ಹೊರಗಿನಿಂದ ಬಂದವರನ್ನು ಯಾವ ಕಂಪ್ಯೂಟರಿಗೆ ಕಳಿಸಬೇಕೆಂದು ಮೋಡೆಮ್ಮಿಗೆ ಹೇಳಿಯೇ ಇರಲಿಲ್ಲವಂತೆ. ಕರೆದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡ ಹಾಗಾಯಿತು. ನಮ್ಮವರು ಅದನ್ನು ಸರಿಮಾಡಿದರು. ಇನ್ನೊಂದು ತೊಡಕೂ ಇತ್ತು. ನಮಗೆ ಸಿಕ್ಕ ವಿಳಾಸ ಖಾಯಂ ಅಲ್ಲ. ಇಂಟರ್ನೆಟ್ ಒಮ್ಮೆ ಕಡಿದು ಮತ್ತೆ ಹತ್ತಿದರೆ ಹಳೆಯ ಅಂಕಿಗಳು ಹೋಗಿ ಹೊಸವು ಬರುತ್ತವೆ. "ಆದ್ರೆ ನಮ್ಮನೆ ಲೈನ್ ಕಡಿಯೂದೇ ಇಲ್ವಲ್ಲ" ಎಂದು ನಮ್ಮವರು ಅದನ್ನು ಅಲ್ಲಿಗೇ ಬಿಟ್ಟರು.

ಇನ್ನು ಹೊರಗಿನಿಂದ ಪರೀಕ್ಷೆ ಆಗಬೇಕು. ಪ್ರತಿ ಸಂಜೆ ಅವರು ಅಂದಿನ ವಿಳಾಸವನ್ನು ಅಂಗೈಯಲ್ಲಿ ಬರೆದುಕೊಂಡು, ಸ್ಕೂಟರ್ ಹತ್ತಿ, ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಹೊರಡತೊಡಗಿದರು. ನಾನು ಜಗಲಿಯಲ್ಲಿ ಮೋಡೆಮ್ಮಿನ ಪಕ್ಕ ಕಾವಲು. ಕೆಫೆಯ ಬಾಗಿಲಲ್ಲಿ ಅವರ ಮೊದಲ ಕೆಲಸ ಕಾನೂನಿನ ಪ್ರಕಾರ 'ಮುಟ್ಟಿದೆ' ಎಂಬ ಮಿಸ್ಡ್ ಕಾಲ್. ಫೋನು ರಿಂಗಾಗುತ್ತಿತ್ತು, ನನ್ನ ಜೀವ ತಣ್ಣಗಾಗುತ್ತಿತ್ತು. ಮೋಡೆಮ್ಮಿನ ಒಂದು ಹಸಿರು ದೀಪ ಆಗ ಒಮ್ಮೆ ಕಣ್ಣು ಮುಚ್ಚಿ ತೆರೆಯುವುದನ್ನು ನಾನು ದಿನವೂ ನೋಡುತ್ತಿದ್ದೆ. ಪಕ್ಕದ ಮನೆಯ ಪಂಪು ಶುರುವಾದರೆ ನಮ್ಮ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುವುದಿಲ್ಲವೇ, ಇದೂ ಹಾಗೆಯೇ ಎಂದುಕೊಂಡೆ. ಅವರು ಮೋರೆ ಸಣ್ಣ ಮಾಡಿಕೊಂಡು ಹಿಂದಿರುಗುತ್ತಿದ್ದರು. ಕೆಫೆಯವನಂತೂ, "ಮಾಸ್ತರ್ರೇ, ದಿನಾ ಬಂದು ಖಾಲಿ ಹಾಳೆ ನೋಡ್ತ್ರಲ್ಲ, ಮನೇಲಿ ಎಂತಾದ್ರೂ ಬೇಜಾರಾ?" ಎಂದು ಕೇಳಿದನಂತೆ. ಇತ್ತ ಅತ್ತೆ ಫಲಾವಳಿಯ ಕಾಯಿಗಳನ್ನು ಒಂದೊಂದಾಗಿ ಸಾಂಬಾರಿಗೆ ಹಾಕತೊಡಗಿದರು. ಒಂದು ದಿನ ಪೀಠದ ಮೇಲಿನ ಮೊಗೆಕಾಯಿಯನ್ನೇ ಕೈಗೆತ್ತಿಕೊಂಡು, "ಇದನ್ನ ಯಾರೂ ನೋಡೂದಿಲ್ಲಲ್ಲ, ಕೊಯ್ಲಾ?" ಎಂದರು. ಚೌತಿ ಆ ವಾರವೇ ಇತ್ತು.

ಮರುದಿನ ಕೆಫೆಗೆ ಹೋದವರಿಂದ ಮಿಸ್ಡ್ ಕಾಲ್ ಬರಲಿಲ್ಲ. ನಾನು ಕಾದೆ. ಹೆದ್ದಾರಿಯ ಲಾರಿಗಳೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಬಂದವು. ಅಷ್ಟರಲ್ಲಿ ಸ್ಕೂಟರಿನ ಸದ್ದು. ಅಂಗಳದಿಂದಲೇ ಕೂಗು: "ಬಂತು! ಮೊಗೆಕಾಯಿ ಬಂತು! ಕೆಫೆಯವ್ರೆಲ್ಲ ಎದ್ದು ಬಂದು ನೋಡಿದ್ರು!"

"ಮೊಗೆಕಾಯಿ ಬಂದ್ರೆ ಸಾಕಾ? ಮುಟ್ಟಿದ್ದು ಹೇಳೂಕೆ ಎಂತ ಆಗಿತ್ತು?" ಎಂದೆ.

"ಮೊಬೈಲ್ ಚಾರ್ಜ್ ಇರ್ಲಿಲ್ವೇ!"

"ದಿನಾ ಫೋನ್ ಮಾಡಿದವ್ರಿಗೆ ಮೊಗೆಕಾಯಿ ಕಾಣ್ಲಿಲ್ಲ, ಇವತ್ತು ಮಾಡದೇ ಇದ್ದಾಗ ಕಂಡಿತಾ?" ಎಂದು ಬರೀ ಸಿಟ್ಟಿನಲ್ಲಿ ಕೇಳಿದೆ. ಕೇಳಿದ ಮೇಲೆ ನಾನೇ ಬೆಚ್ಚಿದೆ. ಹಸಿರು ದೀಪ ನೆನಪಾಯಿತು. ಹೇಳಿದೆ. ನಮ್ಮವರು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿ, ಮೊಬೈಲನ್ನು ಚಾರ್ಜಿಗೆ ಹಾಕಿ, ಮೋಡೆಮ್ಮಿನ ಎದುರು ಕುಕ್ಕರಗಾಲಿನಲ್ಲಿ ಕೂತು ನಮ್ಮದೇ ಮನೆಗೆ ಫೋನ್ ಮಾಡಿದರು. ಫೋನು ರಿಂಗಾಯಿತು. ಹಸಿರು ದೀಪ ಆರಿತು. ಮತ್ತೆ ಹತ್ತಿದಾಗ ವಿಳಾಸದ ಅಂಕಿಗಳು ಬದಲಾಗಿದ್ದವು. ಕೆಫೆಯ ಬಾಗಿಲಲ್ಲಿ 'ಮುಟ್ಟಿದೆ' ಎಂದು ಹೇಳಿದ ಕ್ಷಣವೇ ಅವರ ಅಂಗೈಯ ವಿಳಾಸ ಹಳತಾಗುತ್ತಿತ್ತು. ಮಸ್ಕತ್ತಿನಿಂದ ಭಾವ ವಿಳಾಸ ಕೇಳಲು ಫೋನ್ ಮಾಡಿದರೂ, ಕಾಣುವುದಿಲ್ಲವೆಂದು ದೂರಲು ಫೋನ್ ಮಾಡಿದರೂ ಅದೇ ಕಥೆ. ಮನೆಯೊಳಗೆ ಕಂಪ್ಯೂಟರುಗಳನ್ನು ಜೋಡಿಸಿದ ತಂತಿಗೆ ಮಾತ್ರ ಇದರ ಗೊಡವೆಯಿಲ್ಲದ್ದರಿಂದ ಮೊಗೆಕಾಯಿ ನಮಗೆ ಸದಾ ಪ್ರಸನ್ನ.

ನಮ್ಮವರು ತಂತಿ ಹಿಡಿದು ಹೊರಟರು. ಲೈನು ಮನೆಯೊಳಗೆ ಬರುವುದು ಜಗಲಿಯ ಮೂಲೆಯಲ್ಲಿ, ಪೀಠದ ಮಗ್ಗುಲಲ್ಲೇ. ಫೋನಿನ ಗದ್ದಲ ಇಂಟರ್ನೆಟ್ಟಿಗೆ ತಾಗದಂತೆ ಅಲ್ಲೊಂದು ಬಿಳಿ ಡಬ್ಬಿ ಕೂರಿಸಿದ್ದರು. ಆ ಡಬ್ಬಿಗೂ ಮೊದಲೇ ಒಂದು ತಂತಿ ಕದ್ದು ಅಡಿಗೆಮನೆಗೆ ಹೋಗಿತ್ತು; ಅಲ್ಲಿಯ ಫೋನಿನ ಗದ್ದಲವನ್ನು ತಡೆಯುವವರೇ ಇರಲಿಲ್ಲ. "ಅಡಿಗೆಮನೆಗೆ ಇನ್ನೊಂದು ಫೋನ್ ಬೇಕು ಅಂದೋರು ಯಾರು?" ಎಂದು ನಮ್ಮವರು ಗೋಡೆಯನ್ನು ಕೇಳಿದರು. ಮೀನು ಒಲೆಯ ಮೇಲಿದ್ದಾಗ ಮಿಸ್ಡ್ ಕಾಲ್ ಕೇಳಿಸದೆ ಹೋದರೆ ಎಂಬ ಹೆದರಿಕೆಗೆ ಅದನ್ನು ಹಾಕಿಸಿದವಳು ನಾನೇ. ಈಗ ಅದು ಅತ್ತೆಯದಾಗಿತ್ತು. ದೊಡ್ಡ ಮಗನ ಹತ್ತಿರ ಅವರು ಮಣೆಯ ಮೇಲೆ ಕೂತು ಅದರಲ್ಲೇ ಮಾತಾಡುವುದು. ಜಗಲಿಯಲ್ಲಿ ನಾಲ್ಕು ಜನರ ಎದುರು ಅವರಿಗೆ ಮಾತೇ ಹೊರಡದು.

ಚೌತಿಯ ದಿನ ಅಡಿಗೆಮನೆಯ ತಂತಿ ಕಿತ್ತಿಟ್ಟೆವು. ಫಲಾವಳಿ ಕಟ್ಟಿ ಆಗಿತ್ತು, ಹಾಗಲಕಾಯಿ ಎಲ್ಲಿರಬೇಕೋ ಅಲ್ಲಿ ಇರಲಿಲ್ಲ. ವಿಳಾಸ ಮೊಬೈಲಿನ ಮೆಸೇಜಿನಲ್ಲಿ ಹೋಯಿತು. ಆರತಿ ಮುಗಿಯುವಷ್ಟರಲ್ಲಿ ಮಸ್ಕತ್ತಿನಿಂದ ಮೆಸೇಜು ಬಂತು: 'ಕಂಡಿತು. ಹಾಗಲಕಾಯಿ ತಪ್ಪು ಕಡೆ ಕಟ್ಟಿದೆ.' ನಮ್ಮವರು ಓದಿ ಹೇಳಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದ್ದು ಹೋಗಿ ಹಾಗಲಕಾಯಿಯನ್ನು ಸರಿಯಾದ ಕಡೆ ಕಟ್ಟಿದರು. ಆಮೇಲೆ ನೆಟ್ಟಗೆ ಅಡಿಗೆಮನೆಗೆ ಹೋಗಿ ಮಣೆಯ ಮೇಲೆ ಕೂತರು. "ಅವ ನೋಡಿದ, ಆತು. ನಾ ಅವನ ಸ್ವರ ಕೇಳೂದು ಬೇಡ್ವಾ? ಏ ಶಾಲಿನಿ, ಆ ತಂತಿ ಹಾಕು" ಎಂದು ನನ್ನನ್ನು ಕೂಗಿದರು.

"ಹಾಕಿದ್ರೆ ಅಣ್ಣನಿಗೆ ಕಾಣೂದು ನಿಲ್ತದೆ ಅಮ್ಮಾ" ಎಂದರು ನಮ್ಮವರು.

"ನಿಲ್ಲಲಿ. ಎಷ್ಟೊತ್ತು ನೋಡೂದು? ಗಣಪತಿ ಎಂತ ಓಡಾಡ್ತ್ನಾ?"

ಮಾಸ್ತರರು ಫೋನ್ ಮಾಡೆಂದು ಅಣ್ಣನಿಗೆ ಮೆಸೇಜು ಕಳಿಸಿದರು. ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು, ಪೀಠದ ಮುಂದೆ ಬಗ್ಗಿ, ಮೂಲೆಯಲ್ಲಿ ತಡಕಾಡಿ ತಂತಿ ಸೇರಿಸಿದೆ. ಮರುಕ್ಷಣವೇ ಅಡಿಗೆಮನೆಯಲ್ಲಿ ಫೋನು ರಿಂಗಾಯಿತು, ಹಸಿರು ದೀಪ ಆರಿತು, ಅತ್ತೆಯ "ಉಂಡ್ಯಾ ಮಗಾ?" ಕೇಳಿಸಿತು. ನನಗೆ ಒಂದು ಧನ್ಯತೆ. ಎಷ್ಟೆಂದರೂ ಕಂಡುಹಿಡಿದವಳು ನಾನಲ್ಲವೇ?

ಮುಂದಿನ ಬೇಸಿಗೆಯಲ್ಲಿ ರಜೆಗೆ ಬಂದ ಭಾವ ಹೇಳಿದ ಮೇಲೆಯೇ ಉಳಿದದ್ದು ಗೊತ್ತಾದದ್ದು. ಲೈನು ಕಡಿದ ಹೊತ್ತಿಗೆ ಅವರ ಪರದೆಯ ಮೇಲೆ ಕಡೆಯದಾಗಿ ನಿಂತ ಚಿತ್ರವನ್ನು, ಫೋನಿನಲ್ಲಿ ಮಾತಾಡುತ್ತಲೇ, ಕಳೆದುಹೋದೀತೆಂಬ ಭಯದಲ್ಲಿ ಪ್ರಿಂಟ್ ತೆಗೆಸಿದ್ದರಂತೆ. ಕೋಣೆಯ ಗೋಡೆಗೆ ಅಂಟಿಸಿ, ಜೊತೆಯಲ್ಲಿದ್ದವರೆಲ್ಲ ದಿನವೂ ಊದುಬತ್ತಿ ಹಚ್ಚಿದರಂತೆ. "ಗಣಪತಿ ಚೂರು ಮರೆ ಆಗ್ಯದೆ ತಂಗೀ, ಸೊಂಡಿಲಿನ ತುದಿ ಕಾಣ್ತದೆ. ಉಳಿದದ್ದು ನೀನೇ" ಎಂದರು ಪಾಪ, ಬೇಸರವಿಲ್ಲದೆ. ನಮ್ಮ ಮನೆಯ ಗಣಪತಿಯನ್ನು ನಾವು ಮರುದಿನವೇ ನೀರಿಗೆ ಬಿಟ್ಟಿದ್ದೆವು. ಬಗ್ಗಿದ ನನ್ನ ಬೆನ್ನನ್ನು ಮಸ್ಕತ್ತಿನಲ್ಲಿ ಇನ್ನೂ ಯಾರೂ ನೀರಿಗೆ ಬಿಟ್ಟಿಲ್ಲ.