ಎಲ್ಲರ ಕುಂಬಳಕಾಯಿ

ನಮ್ಮದೇ ಆದದ್ದನ್ನು ನಾವು ಧಾರಾಳವಾಗಿ ತಿನ್ನಬಹುದು. ಪಕ್ಕದವರದನ್ನು ಕದ್ದಾದರೂ ತಿನ್ನಬಹುದು. ಎಲ್ಲರದೂ ಆದದ್ದನ್ನು ತಿನ್ನುವುದು ಮಾತ್ರ ಬಹಳ ಕಷ್ಟ. ಇದು ನನಗೆ ವೇದಾಂತ ಓದಿ ತಿಳಿದದ್ದಲ್ಲ, ಒಂದು ಕುಂಬಳಕಾಯಿ ಕಲಿಸಿಕೊಟ್ಟದ್ದು. ಆ ಕಾಯಿ ನೆನಪಾದಾಗಲೆಲ್ಲ ಈಗಲೂ ಎದೆಯ ಕೆಳಗೆ ಏನೋ ಸಂಕಟವಾಗುತ್ತದೆ. ನಾನು ಅದನ್ನು ಪಶ್ಚಾತ್ತಾಪವೆನ್ನುತ್ತೇನೆ. ನನ್ನ ಹೆಂಡತಿ ವಿಮಲಾ ಅಜೀರ್ಣವೆನ್ನುತ್ತಾಳೆ.

ಕೋಲಾರದಲ್ಲಿ ನಮ್ಮ ರಸ್ತೆಯ ಕೊನೆಗೆ ಪಾರ್ಕಿಗೆಂದು ಬಿಟ್ಟ ಒಂದು ಜಾಗವಿದೆ. ಬಡಾವಣೆ ಆದಂದಿನಿಂದ ಅಲ್ಲಿಗೆ ಪಾರ್ಕು ಬರುತ್ತಲೇ ಇದೆ. ಅದು ಬರುವವರೆಗೆ ಜಾಗ ಖಾಲಿ ಇರಬಾರದೆಂದೋ ಏನೋ, ಪಾರ್ಥೇನಿಯಂ ಗಿಡಗಳು ತಾವಾಗಿ ಬಂದು ನಿಂತಿದ್ದವು. ನಾವೆಲ್ಲ ದಿನವೂ ಅದರ ಪಕ್ಕದಲ್ಲೇ ಓಡಾಡುತ್ತ, "ಯಾರಾದರೂ ಏನಾದರೂ ಮಾಡಬೇಕು" ಎಂದುಕೊಳ್ಳುತ್ತಿದ್ದೆವು. ನಾನಂತೂ ಮಾಲೂರಿನ ಕಾಲೇಜೊಂದರಲ್ಲಿ ಗುಮಾಸ್ತ. ಯಾರಾದರೂ ಏನಾದರೂ ಮಾಡಬೇಕೆಂದು ಟಿಪ್ಪಣಿ ಬರೆಯುವುದೇ ನನ್ನ ಉದ್ಯೋಗ.

ಮಾಡಿದವರು ರತ್ನಮ್ಮ. ಗೌನಿಪಲ್ಲಿ ಕಡೆಯ ರೈತರ ಮನೆಯ ಹೆಣ್ಣುಮಗಳು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಮ್ಮ ಎದುರುಮನೆಯ ಮಹಡಿಗೆ ಬಾಡಿಗೆಗೆ ಬಂದ ಹೊಸದರಲ್ಲೇ ಒಂದು ಬೆಳಿಗ್ಗೆ ಗುದ್ದಲಿ ಹಿಡಿದು ಅಲ್ಲಿ ನಿಂತಿದ್ದರು. "ಕೈ ಸುಮ್ನೆ ಇರಲ್ಲ ಸಾರ್. ಮಣ್ಣು ಇಷ್ಟು ಚೆನ್ನಾಗೈತೆ, ಹಿಂಗೆ ಬಿಟ್ರೆ ಪಾಪ" ಅಂದರು. ಕೆಲವೇ ದಿನಗಳಲ್ಲಿ ರಸ್ತೆಯ ಎಲ್ಲ ಮನೆಯವರೂ ಅಲ್ಲಿ ಬಗ್ಗಿದ್ದರು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮನೆಮನೆಯಿಂದ ಬಕೆಟ್ಟುಗಳಲ್ಲಿ ಹೊರಟಿತು. ದಂಟು, ಮೆಂತ್ಯ, ಬದನೆ, ಬೇಲಿಯ ಮೇಲೆ ಅವರೆ. ನಾನು ಕಳೆ ಕೀಳಲು ಹೋಗಿ ಮೆಂತ್ಯವನ್ನೇ ಕಿತ್ತಾಗಲೂ ರತ್ನಮ್ಮ ಬೈಯಲಿಲ್ಲ. "ಪರವಾಗಿಲ್ಲ ಸಾರ್, ನೀವು ನೀರು ಹೊತ್ರೆ ಸಾಕು" ಅಂದರು. ಸೊಪ್ಪು ಹಂಚಿಕೊಳ್ಳುವುದೂ ಸಲೀಸಾಗಿತ್ತು. ಬೇಕಾದವರು ಒಂದೊಂದು ಹಿಡಿ ಕಿತ್ತುಕೊಂಡರೆ ಮುಗಿಯಿತು.

ತೊಂದರೆ ಬಂದದ್ದು ಕುಂಬಳದಿಂದ. ಬಳ್ಳಿ ಜಾಗವೆಲ್ಲ ಹಬ್ಬಿ, ಹೂವೆಲ್ಲ ಉದುರಿಸಿ, ಒಂದೇ ಒಂದು ಕಾಯಿ ಉಳಿಸಿಕೊಂಡಿತು. ಆದರೆ ಎಂಥ ಕಾಯಿ! ಎತ್ತಲು ಇಬ್ಬರು ಬೇಕು. ಬೆಳಗಿನ ವಾಕಿಂಗಿನವರು ಅದಕ್ಕೆ ಕೈಮುಗಿಯುವುದೊಂದು ಬಾಕಿ. ರತ್ನಮ್ಮ ಅದರಡಿಗೆ ಹುಲ್ಲು ಹಾಸಿ, ಬಿಸಿಲು ಜೋರಾದಾಗ ಹಳೆಯ ಸೀರೆ ಹೊದಿಸಿ, ಆಗಾಗ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಒಂದು ದಿನ "ಬಲಿತೈತೆ ಸಾರ್, ಕೊಯ್ಯಬೌದು" ಅಂದರು.

ಯಾರ ಮನೆಗೆ? ಬೆಳೆಸಿದವರು ನೀವೇ ಎಂದು ನಾವು. ಜಾಗ ಎಲ್ಲರದು ಎಂದು ರತ್ನಮ್ಮ. ರಸ್ತೆಗೆ ಹಿರಿಯರಾದ ಮುನಿಸ್ವಾಮಪ್ಪ ಮೇಷ್ಟ್ರು ತೀರ್ಪು ಕೊಟ್ಟರು. "ಒಂದು ಭಾನುವಾರ ಅಲ್ಲೇ ಒಲೆ ಹೂಡಿ ಹುಳಿ ಮಾಡಿ, ಒಟ್ಟಿಗೆ ಕೂತು ಉಣ್ಣೋಣ. ಆದ್ರೆ ಎಲ್ಲರೂ ಇರಬೇಕು ಕಣಯ್ಯ." ಈ ಕೊನೆಯ ಮಾತು ಬಹಳ ಚೆನ್ನಾಗಿತ್ತು, ಅದೇ ನಮ್ಮನ್ನು ಕೆಡಿಸಿತು. ಒಂದು ಭಾನುವಾರ ಯಾರದೋ ಮದುವೆ, ಇನ್ನೊಂದು ಭಾನುವಾರ ಮೂಲೆಮನೆಯವರಿಗೆ ಸೂತಕ, ಮತ್ತೊಂದು ಭಾನುವಾರ ಮೇಷ್ಟ್ರಿಗೇ ಹಲ್ಲುನೋವು. "ಕುಂಬಳಕಾಯಿಗೆ ಹಲ್ಲು ಯಾಕ್ರೀ ಬೇಕು?" ಎಂದು ವಿಮಲಾ ಗೊಣಗಿದಳು. ಆದರೆ ಬೇಗ ಕೆಡುವ ತರಕಾರಿ ಅಲ್ಲವಲ್ಲ, ಹಾಗಾಗಿ ಯಾರಿಗೂ ಅವಸರವಿರಲಿಲ್ಲ.

ಅಷ್ಟರಲ್ಲಿ ರತ್ನಮ್ಮನ ಗಂಡನಿಗೆ ರಾಯಚೂರಿಗೆ ವರ್ಗವಾಯಿತು. "ನಾವು ಹೋಗೋದ್ರೊಳಗೆ ಮಾಡ್ಬಿಡಿ ಸಾರ್, ರುಚಿ ನೋಡೋ ಆಸೆ" ಎಂದು ಆಕೆ ಬಾಯಿಬಿಟ್ಟು ಕೇಳಿದರು. ಖಂಡಿತ ಎಂದೆ. ಆದರೆ ಮೇಷ್ಟ್ರು ಶ್ರೀನಿವಾಸಪುರದ ಮಗಳ ಮನೆಗೆ ಹೋದವರು ಇನ್ನೂ ಬಂದಿರಲಿಲ್ಲ, ಹಿರಿಯರಿಲ್ಲದೆ ಹೇಗೆ? ಅವರಿಗಿಂತ ಮುಂಚೆ ಲಾರಿ ಬಂತು. ಮಂಚ, ಬೀರು ಎಲ್ಲ ಏರಿದ ಮೇಲೆ ನಾನೂ ವಿಮಲಾನೂ ಓಡಿಹೋಗಿ, ಕಾಯಿ ನೀವೇ ತೆಗೆದುಕೊಂಡು ಹೋಗಿ ಎಂದು ಅಂಗಲಾಚಿದೆವು.

"ವದ್ದು ಸಾರ್, ಬೇಡ. ಅದು ಅಂದರಿದಿ, ಎಲ್ಲರದು. ಎಲ್ಲರದನ್ನ ನಾನೊಬ್ಬಳೇ ಎತ್ಕೊಂಡೋದ್ರೆ ಲಾರಿ ದಾರೀಲೇ ನಿಂತೋಗ್ತದೆ" ಅಂದರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಆಕೆ ಪಾರ್ಕಿನ ಕಡೆಗೇ ನೋಡುತ್ತಿದ್ದರು.

ಮುಂದಿನ ಭಾನುವಾರ ಯಾರಿಗೂ ಮದುವೆಯಿಲ್ಲ, ಸೂತಕವಿಲ್ಲ, ಹಲ್ಲುನೋವಿಲ್ಲ. ಮೇಷ್ಟ್ರೂ ಊರಿಗೆ ಬಂದಿದ್ದರು. ಒಲೆ ಹೂಡಿದೆವು. ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸರೇ ಹಾಕಬೇಕೆಂಬ ಕಟ್ಟಳೆ ಇದೆಯಲ್ಲ, ಮಚ್ಚು ನನ್ನ ಕೈಗೆ ಬಂತು. ಅಡುಗೆಯಲ್ಲಿ ನನ್ನ ಪಾಲು ಅಷ್ಟೇ. ಒಳಗೆ ಅರಿಸಿನದ ಬಣ್ಣ. ವಿಮಲಾ ಹುಳಿ ಮಾಡಿದಳು, ಉಳಿದವರು ಮುದ್ದೆ ಕಟ್ಟಿದರು. ಬೆಲ್ಲವೇ ಬೇಡವೆನ್ನುವಷ್ಟು ಸಿಹಿ ಹೋಳು. ಆದರೂ ಊಟಕ್ಕೆ ಕೂತ ಒಬ್ಬರೂ ಚೆನ್ನಾಗಿದೆ ಎನ್ನಲಿಲ್ಲ. ಹಾಗಂದಕೂಡಲೇ ರತ್ನಮ್ಮನ ಹೆಸರು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಎರಡನೆಯ ಸಲ ಹುಳಿ ಹಾಕಿಸಿಕೊಂಡು, "ಹೋದ ವಾರವೇ ಮಾಡಬಹುದಿತ್ತು ಕಣಯ್ಯ" ಎಂದರು, ತಡಮಾಡಿದವನು ನಾನೊಬ್ಬನೇ ಎಂಬಂತೆ.

ಯಾರಿಂದಲೋ ಸುದ್ದಿ ತಿಳಿದು ಸಂಜೆ ರತ್ನಮ್ಮನ ಫೋನು. "ಹೆಂಗಿತ್ತು ಸಾರ್ ಗುಮ್ಮಡಿಕಾಯಿ?"

ಆಕೆಗೆ ತಪ್ಪಿಹೋಯಿತಲ್ಲಾ ಎಂಬ ಕೊರಗು ಬೇಡವೆಂದು, "ಅಂಥಾದ್ದೇನಿಲ್ಲ ರತ್ನಮ್ಮ, ಸಪ್ಪೆ ಸಪ್ಪೆ" ಅಂದುಬಿಟ್ಟೆ. ಆಕೆ ಸಣ್ಣ ದನಿಯಲ್ಲಿ, "ಸಪ್ಪೆನಾ? ನಮ್ಮಮ್ಮ ಕೊಟ್ಟಿದ್ದ ಬೀಜ ಸಾರ್ ಅದು. ನಾನೇ ನೀರು ಜಾಸ್ತಿ ಬಿಟ್ನೇನೋ. ಎಲ್ಲರೂ ಅಷ್ಟು ದಿನ ಕಾದಿದ್ರಿ" ಅಂದರು. ತಾನು ತಿನ್ನಲಿಲ್ಲವೆಂಬ ದುಃಖ ಆ ದನಿಯಲ್ಲಿರಲಿಲ್ಲ. ನಮಗೆ ಸಪ್ಪೆ ತಿನ್ನಿಸಿದೆನಲ್ಲಾ ಎಂಬ ನಾಚಿಕೆಯಿತ್ತು. ನಿಜ ಹೇಳಲು ಬಾಯಿ ತೆರೆದೆ. ನಿಜ ಹೇಳಿದರೆ, ಅಂಥ ಸಿಹಿ ಕಾಯಿಯನ್ನು ನಿಮ್ಮನ್ನು ಬಿಟ್ಟು ತಿಂದೆವು ಎಂದೂ ಹೇಳಬೇಕು. ಬಾಯಿ ಮುಚ್ಚಿಕೊಂಡೆ.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಈಗ ದನಿಗೆ ಜೀವ ಬಂದಿತ್ತು. "ಇಲ್ಲ ಸಾರ್, ಆ ಬೀಜದ ಕಾಯಿ ಸಪ್ಪೆ ಆಗೋಕೆ ಸಾಧ್ಯನೇ ಇಲ್ಲ. ಅಡುಗೆ ಯಾರು ಮಾಡಿದ್ದು?"

ವಿಮಲಾ ಪಕ್ಕದಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನೇ" ಅಂದೆ.

"ಅಯ್ಯೋ ದೇವುಡಾ, ಅದಕ್ಕೇ ಮತ್ತೆ!" ಎಂದು ರತ್ನಮ್ಮ ನಕ್ಕರು. "ನಾನು ಸುಮ್ನೆ ಬೀಜನ ಬೈಕೊಂಡೆ!" ಆ ನಗು ಮುಗಿಯುವವರೆಗೂ ಫೋನು ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಆಕೆ ರಸ್ತೆಯ ಒಬ್ಬೊಬ್ಬರಿಗೂ ಫೋನು ಮಾಡಿ, ಇನ್ನು ಮುಂದೆ ನನ್ನನ್ನು ಒಲೆ ಹತ್ತಿರ ಬಿಡಬಾರದು ಎಂದರಂತೆ. ಬೆರಳು ಚೀಪಿಕೊಂಡು ಉಂಡ ಆ ಜನರಲ್ಲಿ ಒಬ್ಬರಾದರೂ ಇಲ್ಲವೆನ್ನಬೇಕಲ್ಲ! ಕಾಯಿ ಬಂಗಾರದಂಥದ್ದು, ಕೆಡಿಸಿದ್ದು ಈ ಗುಮಾಸ್ತನೇ ಎಂದು ಮೇಷ್ಟ್ರೂ ಒಪ್ಪಿಕೊಂಡರು. ಅಲ್ಲವೆನ್ನಲು ನನಗೂ ಮುಖವಿಲ್ಲ. ಹುಳಿ ಮಾಡಿದವಳೇ ಆದ ವಿಮಲಾ ಕೂಡ, ಈಗ ನಾನು ಕಾಫಿ ಬೆರೆಸಿ ಕೊಟ್ಟರೆ ಮೊದಲು ಮೂಸಿ ನೋಡುತ್ತಾಳೆ.